ಅರ್ಧ ಬೂದು ಬಣ್ಣಕ್ಕೆ ತಿರುಗಿದ ಫೋಟೋಗಳು: ಬೇಸ್64 ಸ್ಟ್ರಿಂಗ್ ತುಂಡಾದ ಒಂದು ಪ್ರಕರಣ

ಹಿನ್ನೆಲೆ

ಸದಸ್ಯರಿಗೆ ಗುರುತಿನ ಚೀಟಿ ಮಾಡಿಕೊಡುವ ಒಂದು ಸಂಸ್ಥೆಯ ವೆಬ್ ಅಪ್ಲಿಕೇಶನ್‌ನಲ್ಲಿ ನಡೆದದ್ದು ಇದು. ತೊಂದರೆಯ ಮೂಲ ಹುಡುಕುವ ಕೆಲಸಕ್ಕೆ ನನ್ನನ್ನು ಹೊರಗಿನಿಂದ ಕರೆದಿದ್ದರು. ಸಂಸ್ಥೆಯ, ಅದರ ತಂಡದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬೈಟ್‌ಗಳ ಲೆಕ್ಕವನ್ನು ಮಾತ್ರ ಮುಟ್ಟಿಲ್ಲ. ಪ್ರಕರಣದ ತಿರುಳು ಇರುವುದೇ ಆ ಲೆಕ್ಕದಲ್ಲಿ.

ವ್ಯವಸ್ಥೆ ಸರಳವಾಗಿತ್ತು. ಸದಸ್ಯರು ಫಾರಂ ತುಂಬಿ ಫೋಟೋ ಅಪ್‌ಲೋಡ್ ಮಾಡುತ್ತಾರೆ. ಸರ್ವರ್‌ನಲ್ಲಿರುವ ಪಿಎಚ್‌ಪಿ ಕೋಡ್ ಆ ಫೈಲನ್ನು ಓದಿ, ಬೇಸ್64 ಸ್ಟ್ರಿಂಗ್ (ಅಕ್ಷರಗಳ ಉದ್ದನೆಯ ಸಾಲು) ಆಗಿ ಬದಲಿಸಿ, ಅದರ ಮುಂದೆ 'ಇದು ಜೆಪೆಗ್ ಚಿತ್ರ' ಅಥವಾ 'ಇದು ಪಿಎನ್‌ಜಿ ಚಿತ್ರ' ಎಂದು ಹೇಳುವ ಡೇಟಾ ಯುಆರ್‌ಎಲ್ ತಲೆಬರಹ ಅಂಟಿಸುತ್ತದೆ. ಹೀಗೆ ತಯಾರಾದ ಸ್ಟ್ರಿಂಗ್ ಎರಡು ಕಡೆ ಹೋಗುತ್ತದೆ. ಒಂದು, ಚೀಟಿ ಮುದ್ರಿಸುವ ಹೊರಗಿನ ಸೇವೆಗೆ, ಜೇಸನ್ ಎಂಬ, ಪಠ್ಯವಷ್ಟೇ ಇರುವ ರೂಪದಲ್ಲಿ. ಇನ್ನೊಂದು, ಸಂಸ್ಥೆಯದೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 'ಟೆಕ್ಸ್ಟ್' ಮಾದರಿಯ ಕಾಲಂಗೆ. ಸದಸ್ಯರ ಪುಟ ತೆರೆದಾಗ ಡೇಟಾಬೇಸ್‌ನಿಂದ ಬಂದ ಸ್ಟ್ರಿಂಗನ್ನೇ ನೇರವಾಗಿ ಚಿತ್ರದ ಟ್ಯಾಗ್‌ನೊಳಗೆ ಸುರಿಯುತ್ತಿದ್ದರು.

ಮೊದಲ ನಿರ್ಧಾರಕ್ಕೆ ಸಕಾರಣವಿತ್ತು. ಮುದ್ರಣ ಸೇವೆ ಜೇಸನ್ ಬಿಟ್ಟು ಬೇರೇನನ್ನೂ ಸ್ವೀಕರಿಸುತ್ತಿರಲಿಲ್ಲ, ಜೇಸನ್‌ನಲ್ಲಿ ಹಸಿ ಬೈಟ್‌ಗಳಿಗೆ ಜಾಗವಿಲ್ಲ. ಬೇಸ್64 ಇರುವುದೇ ಇಂಥ ಕೆಲಸಕ್ಕೆ. ಮೂರು ಬೈಟ್ ಎಂದರೆ 24 ಬಿಟ್. ಅದನ್ನು ಆರಾರು ಬಿಟ್‌ಗಳ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ 64 ಅಕ್ಷರಗಳ ಪಟ್ಟಿಯಿಂದ ಒಂದನ್ನು ಕೊಡುತ್ತದೆ. ಪಠ್ಯ ಮಾತ್ರ ಹಾಯಬಲ್ಲ ದಾರಿಯಲ್ಲಿ ಚಿತ್ರ ಹೀಗೆ ಪೆಟ್ಟು ತಿನ್ನದೆ ಹಾದುಹೋಗುತ್ತದೆ. ಮೂರು ಬೈಟ್‌ಗೆ ನಾಲ್ಕು ಅಕ್ಷರ, ಅಂದರೆ ಗಾತ್ರ ಮೂರರಲ್ಲೊಂದು ಭಾಗದಷ್ಟು ಹೆಚ್ಚುವುದು ಅದಕ್ಕೆ ತೆರುವ ಬೆಲೆ.

ಎರಡನೆಯ ನಿರ್ಧಾರವನ್ನು ಯಾರೂ ಕೂತು ತೆಗೆದುಕೊಂಡಿರಲಿಲ್ಲ. ಸ್ಟ್ರಿಂಗ್ ಹೇಗೂ ಕೈಯಲ್ಲಿದೆ, ಅದನ್ನೇ ಡೇಟಾಬೇಸ್‌ಗೂ ಹಾಕಿದರಾಯಿತು ಎಂದು ಕೋಡ್ ತಾನಾಗಿ ಹಾಗೆ ಬೆಳೆದಿತ್ತು. ಬಹಳ ಕಾಲ ಏನೂ ಆಗಲಿಲ್ಲ, ಯಾಕೆಂದರೆ ಫಾರಂ ಇದ್ದ ಪುಟವೇ ಫೋಟೋವನ್ನು ಬ್ರೌಸರ್‌ನಲ್ಲಿ ಚಿಕ್ಕದು ಮಾಡಿ ಕಳಿಸುತ್ತಿತ್ತು. ಆಮೇಲೆ ಮೊಬೈಲ್ ಆ್ಯಪ್ ಬಂತು. ಅದು ಫೋಟೋವನ್ನು ಇದ್ದ ಹಾಗೆಯೇ ಕಳಿಸತೊಡಗಿತು.

ದೂರುಗಳು

ದೂರುಗಳು ಮೂರು ಬಗೆಯಲ್ಲಿ ಬಂದವು. ಕೆಲವರ ಫೋಟೋದಲ್ಲಿ ಹಣೆ, ಕಣ್ಣು ಸರಿಯಾಗಿದ್ದು ಅದರ ಕೆಳಗೆಲ್ಲ ಬೂದು ಬಣ್ಣ. ಇನ್ನು ಕೆಲವರ ಫೋಟೋ ಜಾಗದಲ್ಲಿ ಒಡೆದ ಚಿತ್ರದ ಗುರುತು ಮಾತ್ರ. ಮತ್ತೆ ಕೆಲವರದು ಪೂರ್ತಿ ಕಾಣುತ್ತದೆ, ಆದರೆ ಮಸುಕು. ಸಹಾಯ ವಿಭಾಗದವರು ಇವನ್ನು ಮೂರು ಬೇರೆ ತೊಂದರೆಗಳೆಂದು ದಾಖಲಿಸಿ ಮೂವರಿಗೆ ಹಂಚಿದ್ದರು. ಕಂಡದ್ದನ್ನು ಕಂಡ ಹಾಗೆ ಬರೆದ ಅವರದು ತಪ್ಪಲ್ಲ. ಆದರೆ ಆ ಹಂಚಿಕೆಯಿಂದಾಗಿ ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರೇ ಇಲ್ಲವಾದರು.

ಇದರ ನಡುವೆ ಒಂದು ಸಂಗತಿ ಎಲ್ಲರನ್ನೂ ಗೊಂದಲಕ್ಕೆ ಕೆಡವಿತ್ತು: ಅದೇ ಸದಸ್ಯರ ಮುದ್ರಿತ ಚೀಟಿಗಳು ಚೆನ್ನಾಗಿಯೇ ಬಂದಿದ್ದವು. ಪರದೆಯ ಮೇಲೆ ಅರ್ಧ ಮುಖ, ಕೈಯಲ್ಲಿರುವ ಚೀಟಿಯಲ್ಲಿ ಪೂರ್ಣ ಮುಖ.

ಮಾಡಿ ನೋಡಿದ್ದು

ಮೊದಲ ಅನುಮಾನ ಅಪ್‌ಲೋಡ್ ಮೇಲೆ ಬಿತ್ತು. ಮೊಬೈಲ್ ಸಂಪರ್ಕ ನಡುವೆ ಕಡಿದು ಫೈಲ್ ಅರ್ಧಕ್ಕೇ ನಿಂತಿರಬೇಕು ಎಂದುಕೊಂಡು ಸದಸ್ಯರಿಗೆ ಮತ್ತೆ ಕಳಿಸಲು ಹೇಳಿದರು. ಮತ್ತೆ ಕಳಿಸಿದ್ದೂ ಹಾಗೆಯೇ ಆಯಿತು. ಒಬ್ಬ ಸದಸ್ಯರ ಎರಡೂ ಅಪ್‌ಲೋಡ್‌ಗಳಲ್ಲಿ ಬೂದು ಬಣ್ಣ ಸರಿಯಾಗಿ ಒಂದೇ ಗೆರೆಯಿಂದ ಶುರುವಾಗಿತ್ತು. ಸಂಪರ್ಕ ಕಡಿಯುವುದಾದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕಡಿಯಲಾರದು. ತನಿಖೆ ಆ ಗಳಿಗೆಯಲ್ಲೇ ದಾರಿ ಬದಲಿಸಬಹುದಿತ್ತು, ಆದರೆ ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ಎಷ್ಟೋ ದಿನಗಳ ನಂತರ.

ಎರಡನೆಯ ಅನುಮಾನ ಮೆಮೊರಿ. ಇದಕ್ಕೆ ಆಧಾರವೂ ಇತ್ತು. ಪಿಎಚ್‌ಪಿ ಒಂದು ಸ್ಕ್ರಿಪ್ಟ್‌ಗೆ ರೂಢಿಯಲ್ಲಿ ಕೊಡುವ ಮಿತಿ 128 ಎಂಬಿ. 12 ಎಂಬಿಯ ಒಂದು ಫೋಟೋವನ್ನು ಇಡಿಯಾಗಿ ಓದಿದರೆ 12, ಅದರ ಸ್ಟ್ರಿಂಗ್‌ಗೆ 16, ತಲೆಬರಹ ಅಂಟಿಸುವಾಗ ಇನ್ನೊಂದು ಪ್ರತಿಯಾದರೆ ಮತ್ತೆ 16, ಜೇಸನ್‌ಗೆ ಇನ್ನೊಂದು 16. ನಡುವೆ ಚಿತ್ರವನ್ನು ಬಿಡಿಸಿ ಅಳತೆ ಬದಲಿಸಲು ಹೊರಟರೆ 4,000 ಗುಣಿಸು 3,000 ಪಿಕ್ಸೆಲ್‌ಗೆ, ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ, 48 ಎಂಬಿ ಬೇಕು. ಆದ್ದರಿಂದ ಮಿತಿ ಏರಿಸಿದರು. ಅರ್ಧ ಫೋಟೋಗಳು ಬರುತ್ತಲೇ ಇದ್ದವು. ಮೆಮೊರಿ ಸಾಲದೆ ಹೋದರೆ ಪಿಎಚ್‌ಪಿ ಸ್ಕ್ರಿಪ್ಟನ್ನೇ ನಿಲ್ಲಿಸಿ ಲಾಗ್‌ನಲ್ಲಿ ಬರೆದಿಡುತ್ತದೆ. ಅರ್ಧ ಸ್ಟ್ರಿಂಗ್ ಕೊಟ್ಟು ಮುಂದೆ ಹೋಗುವುದಿಲ್ಲ. ಲಾಗ್‌ನಲ್ಲಿ ಅಂಥದ್ದೇನೂ ಇರಲಿಲ್ಲ.

ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಹೆಜ್ಜೆ. ಯಾರೋ ಜೆಪೆಗ್ ಗುಣಮಟ್ಟವನ್ನು ತಗ್ಗಿಸಿ ಫೋಟೋಗಳನ್ನು ಚಿಕ್ಕದು ಮಾಡಿದರು. ಹೊಸ ದೂರುಗಳು ಗಣನೀಯವಾಗಿ ಕಡಿಮೆಯಾದವು. ಎಲ್ಲರಿಗೂ ಸಮಾಧಾನವಾಯಿತು, ಒಂದು ದೂರನ್ನು ಮುಚ್ಚಿಯೂ ಬಿಟ್ಟರು. ಕಾರಣ ತಿಳಿಯದೆ ಲಕ್ಷಣ ಕಡಿಮೆಯಾದಾಗ ಹುಡುಕಾಟ ನಿಲ್ಲುತ್ತದೆ; ಇಲ್ಲಿಯೂ ಕೆಲಕಾಲ ಹಾಗೆಯೇ ಆಯಿತು. ಅಷ್ಟರಲ್ಲಿ ಹಳೆಯ ಅರ್ಧ ಫೋಟೋಗಳ ಮೂಲ ಪ್ರತಿ ಸಿಗುವ ಸಾಧ್ಯತೆ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು.

ತಿರುವು

ತಂಡಕ್ಕೆ ಹೊಸದಾಗಿ ಸೇರಿದ್ದ, ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಸಭೆಯಲ್ಲಿ ಕೇಳಿದಳು: "ಸರ್, ಹಾಳಾದ ಸ್ಟ್ರಿಂಗ್‌ಗಳ ಉದ್ದ ಎಷ್ಟಿದೆ ಅಂತ ಯಾರಾದ್ರೂ ನೋಡಿದ್ದೀರಾ?" ಯಾರೂ ನೋಡಿರಲಿಲ್ಲ. ಎಲ್ಲರೂ ಚಿತ್ರ ನೋಡುತ್ತಿದ್ದೆವು, ಸ್ಟ್ರಿಂಗನ್ನಲ್ಲ.

ಇಡೀ ಟೇಬಲ್‌ನ ಮೇಲೆ ಒಂದು ಕ್ವೆರಿ ಓಡಿಸಿದೆವು: ಪ್ರತಿ ಫೋಟೋ ಸ್ಟ್ರಿಂಗ್‌ನ ಉದ್ದ ತೆಗೆದು, ಒಂದೇ ಉದ್ದದವು ಎಷ್ಟಿವೆ ಎಂದು ಗುಂಪು ಮಾಡುವುದು. ಬೇರೆ ಬೇರೆ ಜನರ ಫೋಟೋಗಳ ಗಾತ್ರ ಒಂದೇ ಆಗುವುದು ಅಪರೂಪ, ಹಾಗಾಗಿ ಪಟ್ಟಿಯ ತುಂಬ ಒಂದು, ಎರಡು, ಒಂದು ಎಂದೇ ಇತ್ತು. ಪಟ್ಟಿಯ ಕೊನೆಯಲ್ಲಿ ಮಾತ್ರ ಒಂದು ದೊಡ್ಡ ರಾಶಿ ಒಂದೇ ಉದ್ದದ ಮೇಲೆ ಬಿದ್ದಿತ್ತು: 65,535. ಅದಕ್ಕಿಂತ ಉದ್ದದ ಒಂದೇ ಒಂದು ಸ್ಟ್ರಿಂಗ್ ಟೇಬಲ್‌ನಲ್ಲಿ ಇರಲಿಲ್ಲ.

ಮೈಎಸ್‌ಕ್ಯೂಎಲ್‌ನ 'ಟೆಕ್ಸ್ಟ್' ಕಾಲಂ ಹಿಡಿಯುವುದು ಗರಿಷ್ಠ 65,535 ಬೈಟ್. ಬೇಸ್64ರ ಒಂದು ಅಕ್ಷರಕ್ಕೆ ಒಂದೇ ಬೈಟ್. ಅಲ್ಲಿಂದಾಚೆಗೆ ಬಂದದ್ದನ್ನೆಲ್ಲ ಡೇಟಾಬೇಸ್ ಕತ್ತರಿಸಿ ಎಸೆದಿತ್ತು. ಮುದ್ರಿತ ಚೀಟಿಗಳು ಸರಿಯಾಗಿ ಬಂದದ್ದಕ್ಕೂ ಇದೇ ಉತ್ತರ: ಮುದ್ರಣ ಸೇವೆಗೆ ಹೋದದ್ದು ಡೇಟಾಬೇಸ್ ಮುಟ್ಟುವ ಮೊದಲಿನ ಪೂರ್ಣ ಸ್ಟ್ರಿಂಗ್.

ಹಾಗಾದರೆ ಮೂರು ಬಗೆಯ ದೂರು ಏಕೆ? ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಒಂದೇ ಕಾರಣ ಇಷ್ಟು ಬೇರೆ ಬೇರೆ ವೇಷದಲ್ಲಿ ಬರುವುದನ್ನು ನಾನು ಹೆಚ್ಚು ನೋಡಿಲ್ಲ.

ಜೆಪೆಗ್‌ನ ಡೇಟಾ ಯುಆರ್‌ಎಲ್ ತಲೆಬರಹ, ಕೊನೆಯ ಅಲ್ಪವಿರಾಮವೂ ಸೇರಿ, 23 ಅಕ್ಷರ. 65,535ರಲ್ಲಿ 23 ಕಳೆದರೆ ಉಳಿಯುವುದು 65,512. ಇದು ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ. ಅಂದರೆ ಕತ್ತರಿ ಬಿದ್ದದ್ದು ನಾಲ್ಕಕ್ಷರದ ಎರಡು ಗುಂಪುಗಳ ನಡುವಿನ ಸಂದಿಯಲ್ಲೇ. ಉಳಿದ ಭಾಗ ವ್ಯಾಕರಣಬದ್ಧವಾದ ಬೇಸ್64. ಡಿಕೋಡರ್ ಯಾವ ತಕರಾರೂ ಇಲ್ಲದೆ ಅದನ್ನು 49,134 ಬೈಟ್‌ಗಳಾಗಿ ಬಿಚ್ಚಿಕೊಡುತ್ತದೆ. ಬ್ರೌಸರ್ ಅದನ್ನು ಬರೆಯಲು ಶುರುಮಾಡಿ, ಬೈಟ್ ಮುಗಿದಲ್ಲಿ ನಿಲ್ಲುತ್ತದೆ. ಆ ಗೆರೆಯ ಕೆಳಗೆ ಬೂದು.

ಪಿಎನ್‌ಜಿಯ ತಲೆಬರಹ ಒಂದು ಅಕ್ಷರ ಚಿಕ್ಕದು, 22. ಉಳಿಯುವುದು 65,513. ನಾಲ್ಕರಿಂದ ಭಾಗಿಸಿದರೆ ಶೇಷ ಒಂದು. ಒಂಟಿ ಅಕ್ಷರದಲ್ಲಿ ಇರುವುದು ಆರು ಬಿಟ್, ಅದರಿಂದ ಒಂದು ಬೈಟ್ ಕೂಡ ಮಾಡಲಾಗದು. ಆದ್ದರಿಂದ ಬ್ರೌಸರ್ ಇಡೀ ಸ್ಟ್ರಿಂಗನ್ನೇ ತಿರಸ್ಕರಿಸುತ್ತದೆ, ಒಡೆದ ಚಿತ್ರದ ಗುರುತು ಕಾಣುತ್ತದೆ. ಗಮನಿಸಿದರೆ, 22ಕ್ಕೆ ನಾಲ್ಕರ ಯಾವ ಗುಣಕ ಸೇರಿಸಿದರೂ ಬರುವುದು ಸಮಸಂಖ್ಯೆ. ಸರಿಯಾದ ಪಿಎನ್‌ಜಿ ಸ್ಟ್ರಿಂಗ್ ಒಂದರ ಒಟ್ಟು ಉದ್ದ 65,535 ಆಗುವುದು ಸಾಧ್ಯವೇ ಇಲ್ಲ.

ಮಸುಕಾದವು ಪ್ರೋಗ್ರೆಸಿವ್ ಜೆಪೆಗ್‌ಗಳು. ಇವು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಬರೆದಿಟ್ಟ ಚಿತ್ರಗಳಲ್ಲ. ಮೊದಲು ಇಡೀ ಚಿತ್ರದ ಒರಟು ರೂಪ ಇರುತ್ತದೆ, ಹಿಂದಿನಿಂದ ಹಂತಹಂತವಾಗಿ ವಿವರಗಳು ಸೇರುತ್ತವೆ. ಕೊನೆಯ ಹಂತಗಳು ಕತ್ತರಿಸಿಹೋದಾಗ ಮುಖ ಪೂರ್ತಿ ಇರುತ್ತದೆ, ಸ್ಪಷ್ಟತೆ ಇರುವುದಿಲ್ಲ. ಇವನ್ನು 'ಸದಸ್ಯರೇ ಕಳಪೆ ಫೋಟೋ ಕಳಿಸಿದ್ದಾರೆ' ಎಂದು ಬದಿಗಿಟ್ಟಿದ್ದರು. ಮೂರು ದೂರುಗಳಲ್ಲಿ ನನಗೆ ಹೆಚ್ಚು ಬೇಸರ ತಂದದ್ದು ಇದು, ಏಕೆಂದರೆ ಇಲ್ಲಿ ಹೊಣೆಯನ್ನು ದೂರು ಕೊಟ್ಟವರ ಮೇಲೆಯೇ ಹೊರಿಸಲಾಗಿತ್ತು.

ಈ ವಿವರಣೆಗೆ ಹೊಂದದ ಕೆಲವು ಉಳಿದವು: ಜೆಪೆಗ್ ಆಗಿದ್ದೂ ಒಡೆದ ಗುರುತು ತೋರಿಸುತ್ತಿದ್ದವು. ತೆಗೆದು ನೋಡಿದರೆ ಅವುಗಳ ಒಳಗಿದ್ದದ್ದು ಜೆಪೆಗ್, ಫೈಲ್ ಹೆಸರಿನ ಬಾಲ ಪಿಎನ್‌ಜಿ. ಕೋಡ್ ಹೆಸರಿನ ಬಾಲ ನೋಡಿ ತಲೆಬರಹ ಅಂಟಿಸುತ್ತಿದ್ದುದರಿಂದ ಅವುಗಳಿಗೆ 22 ಅಕ್ಷರದ ತಲೆಬರಹ ಸಿಕ್ಕಿತ್ತು. ಚಿಕ್ಕ ಫೋಟೋಗಳಲ್ಲಿ ಈ ತಪ್ಪು ಯಾರಿಗೂ ಕಂಡಿರಲಿಲ್ಲ. ಬ್ರೌಸರ್‌ಗಳು ಒಳಗಿನ ಬೈಟ್ ನೋಡಿ ಚಿತ್ರವನ್ನು ಸರಿಯಾಗಿಯೇ ತೋರಿಸುತ್ತವೆ.

ಡೇಟಾಬೇಸ್ ಏಕೆ ಸುಮ್ಮನಿತ್ತು

ಸ್ಟ್ರಿಕ್ಟ್ ಮೋಡ್ ಚಾಲೂ ಇದ್ದಿದ್ದರೆ ಮೈಎಸ್‌ಕ್ಯೂಎಲ್ ಇಂಥ ಸ್ಟ್ರಿಂಗನ್ನು ಸ್ವೀಕರಿಸದೆ ದೋಷ ಕೊಡುತ್ತಿತ್ತು. 2015ರಲ್ಲಿ ಬಂದ 5.7 ಆವೃತ್ತಿಯಿಂದ ಅದು ರೂಢಿಯಲ್ಲೇ ಚಾಲೂ. ಇಲ್ಲಿ ಆವೃತ್ತಿ ಹೊಸದು, ಆದರೆ ಹಳೆಯ ಸರ್ವರ್‌ನಿಂದ ತಂದ ಸೆಟ್ಟಿಂಗ್ಸ್ ಅದನ್ನು ಆರಿಸಿಟ್ಟಿತ್ತು. ಆಗ ಡೇಟಾಬೇಸ್ ಮಾಡುವುದು ಕತ್ತರಿಸಿ, ಸೇರಿಸಿ, ಒಂದು ಎಚ್ಚರಿಕೆ ಕೊಡುವುದು. ಆ ಎಚ್ಚರಿಕೆಯನ್ನು ಕೇಳಿ ಪಡೆಯುವ ಸಾಲು ಕೋಡ್‌ನಲ್ಲಿ ಇರಲಿಲ್ಲ.

ಅಂದೇ ಸಂಜೆ ಸ್ಟ್ರಿಕ್ಟ್ ಮೋಡ್ ಹಾಕಿಬಿಡೋಣ ಎಂಬ ಮಾತು ಬಂತು. ಮೊದಲು ಡೇಟಾಬೇಸ್‌ನ ಪ್ರತಿಯೊಂದರಲ್ಲಿ ಹಾಕಿ ನೋಡಲು ಹೇಳಿದೆ. ಫೋಟೋಕ್ಕೆ ಸಂಬಂಧವೇ ಇಲ್ಲದ ಎರಡು ಫಾರಂಗಳು ಅಲ್ಲಿ ಬಿದ್ದವು: ಸಂಖ್ಯೆಯ ಕಾಲಂಗೆ ಖಾಲಿ ಸ್ಟ್ರಿಂಗ್ ಹಾಕುವುದನ್ನು ಹಳೆಯ ಸೆಟ್ಟಿಂಗ್ಸ್ ಸಹಿಸಿಕೊಂಡು ಬಂದಿತ್ತು. ಅವನ್ನು ಸರಿಪಡಿಸಿ ಆಮೇಲೆ ನಿಜವಾದ ಸರ್ವರ್‌ನಲ್ಲಿ ಚಾಲೂ ಮಾಡಿದರು. ಜೊತೆಗೆ ಕಾಲಂ ಅನ್ನು 'ಮೀಡಿಯಂಟೆಕ್ಸ್ಟ್'ಗೆ ಬದಲಿಸಿದರು; ಅದು 1,67,77,215 ಬೈಟ್ ಹಿಡಿಯುತ್ತದೆ. ಹೊಸ ಫೋಟೋಗಳು ತುಂಡಾಗುವುದು ಅಲ್ಲಿಗೆ ನಿಂತಿತು.

ಕಳೆದದ್ದನ್ನು ಮರಳಿ ತರುವುದು

ಕತ್ತರಿಸಿಹೋದ ಭಾಗ ಸರ್ವರ್‌ನಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಅಪ್‌ಲೋಡ್ ಆದ ತಾತ್ಕಾಲಿಕ ಫೈಲನ್ನು ಬೇರೆಡೆಗೆ ಸರಿಸದಿದ್ದರೆ ಕೋರಿಕೆ ಮುಗಿಯುತ್ತಲೇ ಪಿಎಚ್‌ಪಿ ಅಳಿಸುತ್ತದೆ. ಬ್ಯಾಕಪ್‌ಗಳಲ್ಲಿ ಇದ್ದದ್ದೂ ಕತ್ತರಿಸಿದ ಪ್ರತಿಯೇ. ಪೂರ್ಣ ಪ್ರತಿ ಇದ್ದದ್ದು ಮುದ್ರಣ ಸೇವೆಯವರ ಬಳಿ ಮಾತ್ರ. ಅವರು ಚಿತ್ರಗಳನ್ನು ಒಂದು ಅವಧಿಯವರೆಗೆ ಇಟ್ಟುಕೊಂಡು ಅಳಿಸುತ್ತಿದ್ದರು, ಆದ್ದರಿಂದ ಮೊದಲು ಅಳಿಸುವುದನ್ನು ನಿಲ್ಲಿಸುವಂತೆ ಕೇಳಿಕೊಂಡದ್ದು, ಮಿಕ್ಕ ಮಾತು ಆಮೇಲೆ. ಈ ಕ್ರಮದಿಂದಾಗಿ ಎಷ್ಟೋ ಫೋಟೋ ಉಳಿದವು.

ಅವರು ಕೊಟ್ಟದ್ದು ಸಾಮಾನ್ಯ ಚಿತ್ರದ ಫೈಲ್‌ಗಳು. ಅವನ್ನು ಓದಿ, ಬೇಸ್64 ಮಾಡಿ ಟೇಬಲ್‌ಗೆ ಹಾಕುವ ಚಿಕ್ಕ ಸ್ಕ್ರಿಪ್ಟನ್ನು ತಂಡದವರೊಬ್ಬರು ನೋಡ್‌ಜೆಎಸ್‌ನಲ್ಲಿ ಬರೆದರು. ಪರೀಕ್ಷೆಗೆ ಓಡಿಸಿದಾಗ ಪ್ರತಿ ಜೆಪೆಗ್ ಸ್ಟ್ರಿಂಗ್ ಕೂಡ 77+977+977+9 ಎಂದು ಶುರುವಾಗುತ್ತಿತ್ತು. ಚಿತ್ರದ ಫೈಲನ್ನು ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಕ್ರಮ) ಪಠ್ಯವೆಂದು ಓದಿದಾಗ ಹೀಗಾಗುತ್ತದೆ. ಜೆಪೆಗ್‌ನ ಮೊದಲ ಬೈಟ್‌ಗಳು ಯುಟಿಎಫ್-8ರಲ್ಲಿ ಅಮಾನ್ಯ, ಹಾಗಾಗಿ ಓದುವ ಕೋಡ್ ಪ್ರತಿಯೊಂದರ ಜಾಗದಲ್ಲೂ 'ಇಲ್ಲಿ ಏನೋ ತಿಳಿಯಲಿಲ್ಲ' ಎಂಬ ಬದಲಿ ಅಕ್ಷರ ಹಾಕುತ್ತದೆ. ಆ ಬದಲಿ ಅಕ್ಷರದ ಮೂರು ಬೈಟ್‌ಗಳನ್ನು ಬೇಸ್64 ಮಾಡಿದರೆ ಸಿಗುವುದೇ 77+9. ಹೀಗೆ ಹಾಳಾದ ಸ್ಟ್ರಿಂಗ್‌ನಿಂದ ಚಿತ್ರವನ್ನು ಮರಳಿ ಪಡೆಯಲಾಗದು, ಏಕೆಂದರೆ ಬೇರೆ ಬೇರೆ ಬೈಟ್‌ಗಳೆಲ್ಲ ಒಂದೇ ಅಕ್ಷರವಾಗಿ ಬೆರೆತಿರುತ್ತವೆ. ಯಾವ ಭಾಷೆಯ ಸರ್ವರ್ ಕೋಡ್ ಆದರೂ ಚಿತ್ರದ ಸ್ಟ್ರಿಂಗ್‌ನಲ್ಲಿ 77+9 ಪದೇ ಪದೇ ಕಂಡರೆ ಎನ್‌ಕೋಡ್ ಮಾಡುವ ಸಾಲನ್ನು ಬಿಟ್ಟು ಅದಕ್ಕಿಂತ ಮೊದಲು ಫೈಲ್ ಓದುವ ಸಾಲನ್ನು ನೋಡಬೇಕು.

ಇದು ಡೇಟಾಬೇಸ್ ಮುಟ್ಟುವ ಮೊದಲೇ ಸಿಕ್ಕಿಬಿದ್ದದ್ದು ಒಂದು ನಿಯಮದಿಂದ. ಉದ್ದದ ಪ್ರಶ್ನೆ ಕೇಳಿದ ಆ ಹುಡುಗಿಯೇ ಒತ್ತಾಯ ಮಾಡಿ ತಂದ ನಿಯಮ ಅದು: ಬರೆಯುವ ಮೊದಲು ಸ್ಟ್ರಿಂಗನ್ನು ಮತ್ತೆ ಬಿಚ್ಚಿ, ಬಂದ ಬೈಟ್‌ಗಳ ಹ್ಯಾಶ್ (ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಚಿಕ್ಕ ಗುರುತು) ಮೂಲ ಫೈಲ್‌ನ ಹ್ಯಾಶ್‌ಗೆ ಹೊಂದಬೇಕು, ಬರೆದ ಮೇಲೆ ಡೇಟಾಬೇಸ್‌ನಿಂದ ತೆಗೆದು ಮತ್ತೊಮ್ಮೆ ಅದನ್ನೇ ಮಾಡಬೇಕು. ಮೊದಲ ದಿನದಿಂದಲೇ ಅಪ್‌ಲೋಡ್ ದಾರಿಯಲ್ಲಿ ಎರಡನೆಯ ಪರೀಕ್ಷೆ ಇದ್ದಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಮುದ್ರಣ ಸೇವೆಯಿಂದ ಆಗಲೇ ಅಳಿಸಿಹೋಗಿದ್ದ ಫೋಟೋಗಳ ವಿಷಯದಲ್ಲಿ ಬೇರೆ ದಾರಿ ಇರಲಿಲ್ಲ. ಆ ಸದಸ್ಯರಿಗೆ ತಪ್ಪು ಸಂಸ್ಥೆಯದೇ ಎಂದು ತಿಳಿಸಿ ಹೊಸ ಫೋಟೋ ಕೇಳಿದರು. 'ಕಳಪೆ ಫೋಟೋ' ಎಂದು ಉತ್ತರ ಪಡೆದಿದ್ದವರಿಗೆ ಬೇರೆಯಾಗಿ ಬರೆದರು.

ಫೋಟೋ ಎಲ್ಲಿರಬೇಕು

ದೊಡ್ಡ ಚರ್ಚೆ ನಡೆದದ್ದು ಇದಾದ ಮೇಲೆ. ಕಾಲಂ ದೊಡ್ಡದಾಯಿತು, ತೊಂದರೆ ನಿಂತಿತು, ಇನ್ನೇನು ಬೇಕು ಎಂಬುದು ಒಂದು ಬಣದ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಎಲ್ಲವೂ ಡೇಟಾಬೇಸ್‌ನಲ್ಲೇ ಇದ್ದರೆ ಬ್ಯಾಕಪ್ ಒಂದೇ ಸಾಕು, ಸದಸ್ಯರ ದಾಖಲೆ ಅಳಿಸಿದಾಗ ಫೋಟೋ ಎಲ್ಲೋ ಅನಾಥವಾಗಿ ಉಳಿಯುವುದಿಲ್ಲ.

ಬೇಸ್64ರ ಮೇಲೆಯೇ ಪೂರ್ತಿ ತಪ್ಪು ಹೊರಿಸುವುದೂ ನ್ಯಾಯವಲ್ಲ ಎಂದು ನಾನು ಹೇಳಿದೆ. ಹಸಿ ಬೈಟ್‌ಗಳಿಗೆಂದೇ ಇರುವ 'ಬ್ಲಾಬ್' ಕಾಲಂಗೂ ಮಿತಿ ಅದೇ 65,535. ಅದನ್ನು ಬಳಸಿದ್ದರೂ ಫೋಟೋಗಳು ತುಂಡಾಗುತ್ತಿದ್ದವು, 48 ಕೆಬಿಯ ಬದಲು 64 ಕೆಬಿ ಹತ್ತಿರ. ಸ್ಟ್ರಿಂಗ್ ಮಾಡಿದ್ದು ಗೋಡೆಯನ್ನು ಇನ್ನಷ್ಟು ಸಮೀಪಕ್ಕೆ ತಂದಿತು, ಅಷ್ಟೇ.

ಆದರೂ ಸ್ಟ್ರಿಂಗನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿರಲಿಲ್ಲ. ಬೇಸ್64 ಸಾಗಣೆಗೆ ಕಟ್ಟಿದ ಪೆಟ್ಟಿಗೆ. ಮನೆ ತಲುಪಿದ ಮೇಲೂ ಸಾಮಾನನ್ನು ಪೆಟ್ಟಿಗೆಯಲ್ಲೇ ಇಟ್ಟು ಬಾಳುವುದಿಲ್ಲ. ಡೇಟಾ ಯುಆರ್‌ಎಲ್ ಅನ್ನು ವಿವರಿಸುವ 1998ರ ಆರ್‌ಎಫ್‌ಸಿ 2397 ಎಂಬ ಇಂಟರ್‌ನೆಟ್ ಮಾನಕದ ದಾಖಲೆ ಕೂಡ ಅದನ್ನು ಚಿಕ್ಕ ಡೇಟಾಕ್ಕೆಂದೇ ಹೇಳುತ್ತದೆ. ಇಲ್ಲಿ ಸದಸ್ಯರ ಪಟ್ಟಿಯ ಪುಟ ಒಂದೊಂದು ಸಲ ತೆರೆದಾಗಲೂ 50 ಜನರ ಫೋಟೋ ಎಚ್‌ಟಿಎಂಎಲ್ ಒಳಗೇ ಬರುತ್ತಿತ್ತು. 150 ಕೆಬಿಯ 50 ಫೋಟೋ ಎಂದರೆ 7.5 ಎಂಬಿ, ಸ್ಟ್ರಿಂಗ್ ಆದಾಗ 10 ಎಂಬಿ. ಬೇರೆ ಫೈಲ್ ಆಗಿದ್ದರೆ ಬ್ರೌಸರ್ ಒಮ್ಮೆ ತಂದದ್ದನ್ನು ಇಟ್ಟುಕೊಳ್ಳಬಹುದಿತ್ತು. ಪುಟದೊಳಗೆ ಹುದುಗಿದ ಚಿತ್ರಕ್ಕೆ ಆ ಅವಕಾಶವಿಲ್ಲ, ಪುಟದ ಜೊತೆ ಪ್ರತಿ ಸಲವೂ ಹೊಸದಾಗಿ ಬರಬೇಕು. ಕಳಿಸುವ ಮೊದಲು ಪುಟವನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಸ್ಟ್ರಿಂಗ್‌ನ ಹೆಚ್ಚುವರಿ ಭಾರದಲ್ಲಿ ಬಹುಪಾಲು ಇಳಿಯುತ್ತದೆ ಎಂದು ಒಬ್ಬರು ನೆನಪಿಸಿದರು. ನಿಜ. ಆದರೆ ಆ ಕೆಲಸ ಪ್ರತಿ ಕೋರಿಕೆಗೂ ಸರ್ವರ್ ಮೇಲೆ ಬೀಳುತ್ತದೆ, ಮರುಬಳಕೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಕೊನೆಗೆ ಒಪ್ಪಿದ ವ್ಯವಸ್ಥೆ ಹೀಗಿದೆ. ಅಪ್‌ಲೋಡ್ ಆದ ಫೋಟೋ ಹಸಿ ಬೈಟ್‌ಗಳಾಗಿಯೇ ಡಿಸ್ಕ್‌ಗೆ ಹೋಗುತ್ತದೆ, ಅದರ ಎಸ್‌ಎಚ್‌ಎ-256 ಹ್ಯಾಶ್ ಫೈಲ್‌ನ ಹೆಸರಾಗುತ್ತದೆ. ಡೇಟಾಬೇಸ್‌ನಲ್ಲಿ ಹ್ಯಾಶ್, ಗಾತ್ರ, ಚಿತ್ರದ ಬಗೆ. ಬಗೆಯನ್ನು ಹೆಸರಿನ ಬಾಲದಿಂದಲ್ಲ, ಒಳಗಿನ ಬೈಟ್‌ಗಳಿಂದ ತಿಳಿಯುತ್ತಾರೆ. ಪುಟಗಳಲ್ಲಿ ಸಾಮಾನ್ಯ ಚಿತ್ರದ ಕೊಂಡಿ. ಬೇಸ್64 ಆಗುವುದು ಮುದ್ರಣ ಸೇವೆಗೆ ಕಳಿಸುವ ಗಳಿಗೆಯಲ್ಲಿ ಮಾತ್ರ, ಕಳಿಸಿದ ಮೇಲೆ ಆ ಸ್ಟ್ರಿಂಗ್ ಎಲ್ಲಿಯೂ ಉಳಿಯುವುದಿಲ್ಲ. ಕೆಲವು ನೂರು ಬೈಟ್‌ಗಳ ಪುಟ್ಟ ಐಕಾನ್‌ಗಳು ಸಿಎಸ್‌ಎಸ್ ಒಳಗೆ ಡೇಟಾ ಯುಆರ್‌ಎಲ್ ಆಗಿಯೇ ಇವೆ. ಅವನ್ನು ಬದಲಿಸಲು ಕಾರಣವಿಲ್ಲ.

ದೊಡ್ಡ ಫೋಟೋಗಳಿಗೆ ಮೆಮೊರಿ ಉಳಿಸಲು ಫೈಲನ್ನು ತುಂಡುತುಂಡಾಗಿ ಓದಿ ಎನ್‌ಕೋಡ್ ಮಾಡುವ ಕೋಡ್ ಬರೆದಾಗ ಇನ್ನೊಂದು ಲೆಕ್ಕ ಎದುರಾಯಿತು. ತುಂಡಿನ ಅಳತೆ 8,192 ಬೈಟ್ ಇಟ್ಟಿದ್ದರು. ಅದು ಮೂರರಿಂದ ಭಾಗವಾಗದ ಕಾರಣ ಪ್ರತಿ ತುಂಡಿನ ಕೊನೆಗೂ, ನಾಲ್ಕಕ್ಷರದ ಗುಂಪು ತುಂಬಿಸಲು ಬೇಸ್64 ಹಾಕುವ ಸಮಚಿಹ್ನೆ (=) ಬಂದು, ಜೋಡಿಸಿದ ಸ್ಟ್ರಿಂಗ್‌ನ ನಡುನಡುವೆ ಸೇರಿಕೊಳ್ಳುತ್ತಿತ್ತು. 8,190 ಮಾಡಿದ ಮೇಲೆ ಸರಿಹೋಯಿತು.

ಈಗ ಆ ತಂಡದ ಟೆಸ್ಟ್‌ಗಳಲ್ಲಿ 49,134 ಬೈಟ್‌ನ ಒಂದು ಜೆಪೆಗ್, 49,135 ಬೈಟ್‌ನ ಇನ್ನೊಂದು, ಅದೇ ಅಳತೆಗಳ ಎರಡು ಪಿಎನ್‌ಜಿ, ಬಾಲ ತಪ್ಪಾಗಿರುವ ಒಂದು ಫೈಲ್, ಒಂದು ಪ್ರೋಗ್ರೆಸಿವ್ ಜೆಪೆಗ್ ಇವೆ. ಕೋಡ್ ಬದಲಾದಾಗಲೆಲ್ಲ ಇವು ಅಪ್‌ಲೋಡ್ ಆಗಿ, ಉಳಿಸಿದ ಪ್ರತಿಯ ಹ್ಯಾಶ್ ಮೂಲದ್ದಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷೆಯಾಗುತ್ತದೆ. ಉದ್ದಗಳನ್ನು ಗುಂಪು ಮಾಡುವ ಆ ಕ್ವೆರಿಯನ್ನು ಪಠ್ಯ ಇರುವ ಉಳಿದ ಕಾಲಂಗಳ ಮೇಲೂ ಓಡಿಸಿದರು. ಸದಸ್ಯರ ವಿಳಾಸದ ಕಾಲಂನಲ್ಲಿ ಒಂದು ಚಿಕ್ಕ ರಾಶಿ ಸರಿಯಾಗಿ 255ರ ಮೇಲೆ ಬಿದ್ದಿತ್ತು. ಅದರ ಕೆಲಸ ನಡೆಯುತ್ತಿದೆ.